ಹೊಸ ಲ್ಯಾಪ್‌ಟಾಪ್‌ಗೆ ವಿಂಡೋಸ್ 7 ಹಾಕಿದೆ. ಈಗ ವೈಫೈ, ಸೌಂಡ್, ಯುಎಸ್‌ಬಿ ಯಾವುದೂ ಇಲ್ಲ. ಎಲ್ಲ ಡ್ರೈವರ್‌ಗಳನ್ನೂ ಒಟ್ಟಿಗೆ ಹಾಕುವ ಸಾಫ್ಟ್‌ವೇರ್ ಯಾವುದಿದೆ?

ಯಂತ್ರದ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತುಂಬಾ ಹಳದಿ ಗುರುತು. ಆ ಭಾಗಗಳನ್ನು ವಿಂಡೋಸ್ ನಡೆಸಲು ಬೇಕಾದ ಪ್ರೋಗ್ರಾಂ, ಅಂದರೆ ಡ್ರೈವರ್, ಇಳಿಸಿಕೊಳ್ಳೋಣ ಅಂದರೆ ನೆಟ್ಟೇ ಇಲ್ಲ. ಅಲ್ವಾ? ನಾನೂ ಇಲ್ಲೇ ಸಿಕ್ಕಿಕೊಂಡಿದ್ದೆ. ನನ್ನ ಹತ್ತಿರ ಒಂದು ಹಳೆಯ ಸ್ಕ್ಯಾನರ್ ಇತ್ತು. ವಿಂಡೋಸ್ 7 ಆದ ಮೇಲೆ ಅದಕ್ಕೆ ಡ್ರೈವರ್ ಬರಲೇ ಇಲ್ಲ. ಆ ಒಂದು ಸ್ಕ್ಯಾನರ್‌ಗೋಸ್ಕರ ಲ್ಯಾಪ್‌ಟಾಪ್‌ನಲ್ಲಿದ್ದದ್ದನ್ನೆಲ್ಲ ಅಳಿಸಿ ಹಳೆಯ ವಿಂಡೋಸ್ ಹಾಕಲು ಕೂತೆ.

ಸೆಟಪ್‌ನಲ್ಲೇ ಮೊದಲ ತಡೆ ಬಂತು. ಪೆನ್‌ಡ್ರೈವ್‌ನಿಂದ ಬೂಟ್ ಆಯಿತು, ಭಾಷೆ ಕೇಳಿತು, ಆಮೇಲೆ ಸಿಡಿ/ಡಿವಿಡಿ ಡ್ರೈವ್‌ನ ಡ್ರೈವರ್ ಇಲ್ಲ ಅಂತ ನಿಂತುಬಿಟ್ಟಿತು. ಆ ಲ್ಯಾಪ್‌ಟಾಪ್‌ನಲ್ಲಿ ಡಿವಿಡಿ ಡ್ರೈವೇ ಇರಲಿಲ್ಲ! ಅದಕ್ಕೆ ನಿಜವಾಗಿ ಕಾಣದೆ ಇದ್ದದ್ದು ಪೆನ್‌ಡ್ರೈವ್. ವಿಂಡೋಸ್ 7 ಬಂದದ್ದು 2009ರಲ್ಲಿ. ಅದರೊಳಗೆ ಯುಎಸ್‌ಬಿ 3.0 ಡ್ರೈವರ್ ಇಲ್ಲ. ಬೂಟ್ ಮಾಡಿಸುವುದು ಬಯೋಸ್ (ವಿಂಡೋಸ್‌ಗಿಂತ ಮೊದಲು ಓಡುವ, ಯಂತ್ರದೊಳಗೇ ಇರುವ ಪ್ರೋಗ್ರಾಂ) ಕೆಲಸ, ಹಾಗಾಗಿ ಅಲ್ಲಿಯವರೆಗೆ ಎಲ್ಲ ಸರಿ ಇರುತ್ತದೆ. ಸೆಟಪ್ ತಾನೇ ಪೆನ್‌ಡ್ರೈವ್ ಓದಲು ಹೋದಾಗ ಏನೂ ಕಾಣುವುದಿಲ್ಲ. ಪಕ್ಕದ 2.0 ಪೋರ್ಟ್‌ಗೆ ಹಾಕಿದೆ, ಮುಂದೆ ಹೋಯಿತು. 2015ರಲ್ಲಿ ಬಂದ ಇಂಟೆಲ್ 6ನೇ ಜನರೇಷನ್ ಪ್ರೊಸೆಸರ್‌ಗಳಿಂದ ಈ ದಾರಿಯೂ ಇಲ್ಲ. ಹಳೆಯ 2.0 ಕಂಟ್ರೋಲರನ್ನೇ ಚಿಪ್‌ಸೆಟ್‌ನಿಂದ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್) ತೆಗೆದಿದ್ದಾರೆ. ನಿಮ್ಮ ಯುಎಸ್‌ಬಿ ಪೋರ್ಟ್‌ಗಳು ಸುಮ್ಮನಿರುವುದಕ್ಕೂ ಇದೇ ಕಾರಣ ಇರಬಹುದು. ಪೋರ್ಟ್ ಕೆಟ್ಟಿಲ್ಲ, ಅದನ್ನು ಮಾತಾಡಿಸುವ ಡ್ರೈವರ್ ಇಲ್ಲ ಅಷ್ಟೇ.

ಇನ್ನು ನನ್ನನ್ನು ಕೆಡಿಸಿದ ತಪ್ಪು. ಇದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ. ನೀವು ಕೇಳಿರುವ ಸಾಫ್ಟ್‌ವೇರ್ ನಿಮ್ಮಿಂದಲೂ ಇದೇ ತಪ್ಪು ಮಾಡಿಸಬಹುದು.

ನಾನು ಹೆಸರು ನೋಡಿ ಡ್ರೈವರ್ ಹುಡುಕಿದೆ. ಲ್ಯಾಪ್‌ಟಾಪ್ ತಳದಲ್ಲಿದ್ದ ಮಾಡೆಲ್ ಹೆಸರನ್ನು ಇನ್ನೊಂದು ಕಂಪ್ಯೂಟರ್‌ನಲ್ಲಿ ಹುಡುಕಿ, ಕಂಪನಿಯ ಪುಟಕ್ಕೆ ಹೋಗಿ, ವೈಫೈ ಅಂತ ಬರೆದಿದ್ದ ಮೊದಲನೆಯದನ್ನು ಇಳಿಸಿಕೊಂಡೆ. ಅದೇ ಪಟ್ಟಿಯಲ್ಲಿ ಕೆಳಗೆ ಬೇರೆ ವೈಫೈ ಡ್ರೈವರ್‌ಗಳೂ ಇದ್ದವು. ಅವು ಹಳೆಯ ಆವೃತ್ತಿ ಇರಬೇಕು ಅಂದುಕೊಂಡೆ. ಅವು ಬೇರೆ ಬೇರೆ ಕಂಪನಿಯ ಕಾರ್ಡ್‌ಗಳಿಗೆ ಇದ್ದವು. ಒಂದೇ ಮಾಡೆಲ್ ಹೆಸರಿನ ಲ್ಯಾಪ್‌ಟಾಪ್‌ಗಳಲ್ಲಿ ಒಂದರೊಳಗೆ ಒಂದು ಕಂಪನಿಯ ವೈಫೈ ಕಾರ್ಡ್, ಇನ್ನೊಂದರೊಳಗೆ ಮತ್ತೊಂದರದ್ದು ಇರುವುದು ತೀರಾ ಸಾಮಾನ್ಯ. ನನಗೆ ಅದು ಗೊತ್ತಿರಲಿಲ್ಲ.

ಇನ್‌ಸ್ಟಾಲ್ ಮಾಡಿದೆ. ಯಶಸ್ವಿಯಾಗಿ ಮುಗಿಯಿತು ಅಂತ ತೋರಿಸಿತು. ರೀಸ್ಟಾರ್ಟ್ ಮಾಡಿದರೆ ವೈಫೈ ಇಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ‘ಪಿಸಿಐ ಸಿಂಪಲ್ ಕಮ್ಯುನಿಕೇಶನ್ಸ್ ಕಂಟ್ರೋಲರ್’ ಅಂತ ಒಂದು ಸಾಲು ಇತ್ತು. ಕಮ್ಯುನಿಕೇಶನ್ ಅಂದ ಮೇಲೆ ಇದೇ ವೈಫೈ ಅಂದುಕೊಂಡು, ‘ಹ್ಯಾವ್ ಡಿಸ್ಕ್’ ಒತ್ತಿ ಆ ಡ್ರೈವರನ್ನು ಬಲವಂತವಾಗಿ ಅದಕ್ಕೆ ಕಟ್ಟಿದೆ. ವಿಂಡೋಸ್ ಬೇಡ ಅಂತ ಎಚ್ಚರಿಸಿತು, ಕೇಳಲಿಲ್ಲ. ಆಗ ಆ ಸಾಲಿನ ಹೆಸರು ವೈಫೈ ಕಾರ್ಡ್ ಅಂತಲೇ ಬದಲಾಯಿತು. ಆದರೆ ಹಳದಿ ಗುರುತು ಹೋಗಲಿಲ್ಲ. ಕೋಡ್ 10, ಅಂದರೆ ಸಾಧನ ಶುರು ಆಗುತ್ತಿಲ್ಲ. ಕಾರ್ಡೇ ಕೆಟ್ಟಿದೆ ಅಂತ ತೀರ್ಮಾನಿಸಿ ಲ್ಯಾಪ್‌ಟಾಪ್ ಬಿಚ್ಚಿ ಕಾರ್ಡ್ ತೆಗೆದು ಮತ್ತೆ ಹಾಕಿದೆ. ಆಮೇಲೆ ವಿಂಡೋಸನ್ನೇ ಮತ್ತೆ ಹಾಕಿದೆ. ಆ ಸಲ ಎಲ್ಲ ಪಾರ್ಟಿಷನ್ ಅಳಿಸಿದ್ದರಿಂದ ರಿಕವರಿ ಪಾರ್ಟಿಷನ್ ಕೂಡ ಹೋಯಿತು. ಕಂಪನಿಯಿಂದ ಬಂದ ವಿಂಡೋಸ್‌ಗೆ ಸುಲಭವಾಗಿ ಹಿಂದಿರುಗುವ ದಾರಿ ಅಲ್ಲಿಗೆ ಮುಗಿಯಿತು.

ಕಾರ್ಡ್ ಚೆನ್ನಾಗಿಯೇ ಇತ್ತು. ನಾನು ವೈಫೈ ಅಂದುಕೊಂಡದ್ದು ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್ ಅನ್ನುವ, ನೆಟ್‌ವರ್ಕ್ ಕಾರ್ಡ್ ಅಲ್ಲವೇ ಅಲ್ಲದ ಭಾಗ. ಡ್ರೈವರ್ ಇಲ್ಲದಾಗ ವಿಂಡೋಸ್‌ಗೆ ಆ ಚಿಪ್ ಯಾವ ಬಗೆಯದು ಅನ್ನುವುದಷ್ಟೇ ಗೊತ್ತಿರುತ್ತದೆ. ಆ ಬಗೆಯ ಹೆಸರನ್ನೇ ಅದು ತೋರಿಸುತ್ತದೆ. ನಿಜವಾದ ಗುರುತು ಇರುವುದು ಹಾರ್ಡ್‌ವೇರ್ ಐಡಿಯಲ್ಲಿ. ಪ್ರತಿ ಡ್ರೈವರ್ ಜೊತೆ ಒಂದು ಐಎನ್‌ಎಫ್ ಫೈಲ್ ಬರುತ್ತದೆ. ತಾನು ಯಾವ ಯಾವ ಐಡಿಗಳನ್ನು ನಡೆಸಬಲ್ಲೆ ಅಂತ ಅದರಲ್ಲಿ ಪಟ್ಟಿ ಇರುತ್ತದೆ. ವಿಂಡೋಸ್ ಆ ಪಟ್ಟಿಯನ್ನೂ ನಿಮ್ಮ ಚಿಪ್‌ನ ಐಡಿಯನ್ನೂ ಹೋಲಿಸುತ್ತದೆ. ಹೊಂದದಿದ್ದರೆ ತಾನಾಗಿ ಡ್ರೈವರ್ ಕಟ್ಟುವುದಿಲ್ಲ. ಸೆಟಪ್ ಫೈಲ್ ಮಾತ್ರ ತನ್ನ ಫೈಲ್‌ಗಳನ್ನು ಡಿಸ್ಕ್‌ಗೆ ನಕಲು ಮಾಡಿ ಮುಗಿಯಿತು ಅನ್ನಬಹುದು. ನಾನು ಆ ‘ಮುಗಿಯಿತು’ವನ್ನು ನಂಬಿದೆ.

ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಹಾಕುವ ಸಾಫ್ಟ್‌ವೇರ್ ಬೇಡ. ಅಂಥವು ಎಷ್ಟೋ ಸಲ ಕೇಳದ ಪ್ರೋಗ್ರಾಂಗಳನ್ನೂ ಜೊತೆಗೆ ತರುತ್ತವೆ, ಸರಿಯಾಗಿ ನಡೆಯುತ್ತಿದ್ದ ಡ್ರೈವರ್‌ಗಳನ್ನೂ ಬದಲಿಸುತ್ತವೆ, ಕೊನೆಗೆ ಏನು ಬದಲಾಯಿತು ಅಂತ ನಿಮಗೆ ತಿಳಿಯುವುದೇ ಇಲ್ಲ. ಹಳದಿ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್, ಅಲ್ಲಿ ಹಾರ್ಡ್‌ವೇರ್ ಐಡಿ ಆರಿಸಿ. ‘ವೆನ್’ (VEN) ಆದ ಮೇಲೆ ಬರುವ ನಾಲ್ಕು ಅಂಕಿ-ಅಕ್ಷರಗಳು ಚಿಪ್ ಮಾಡಿದ ಕಂಪನಿ. 8086 ಇಂಟೆಲ್, 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್, 168ಸಿ ಅಥೆರೋಸ್. ‘ಡೆವ್’ (DEV) ಆದ ಮೇಲಿನ ನಾಲ್ಕು ಯಾವ ಚಿಪ್ ಅನ್ನುವುದು. ಇಷ್ಟನ್ನು ಕಾಗದದಲ್ಲಿ ಬರೆದುಕೊಂಡು ನೆಟ್ ಇರುವ ಇನ್ನೊಂದು ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಅನ್ನುವ ವೆಬ್‌ಸೈಟ್‌ನಲ್ಲಿ ಹುಡುಕಿ. ಸಿಕ್ಕ ಕ್ಯಾಬ್ ಫೈಲ್ ಬಿಚ್ಚಿ, ಆ ಫೋಲ್ಡರನ್ನು ಡಿವೈಸ್ ಮ್ಯಾನೇಜರ್‌ಗೆ ತೋರಿಸಿ. ನಾನು ಮೊದಲು ಚಿಪ್‌ಸೆಟ್, ಆಮೇಲೆ ಯುಎಸ್‌ಬಿ ಮತ್ತು ನೆಟ್‌ವರ್ಕ್ ಹಾಕಿದೆ. ಸೌಂಡ್ ಕೊನೆಗೆ ಸಾಕು.

ಸರಿಯಾದ ಡ್ರೈವರ್ ಹಾಕಿದ ಮೇಲೂ ಕೋಡ್ 52, ಅಂದರೆ ಡ್ರೈವರ್‌ನ ಸಹಿ ಒಪ್ಪಿಗೆಯಾಗಿಲ್ಲ ಅಂತ, ಬಂದರೆ ಡ್ರೈವರನ್ನು ಬೈಯಬೇಡಿ. ಹೊಸ ಡ್ರೈವರ್‌ಗಳ ಡಿಜಿಟಲ್ ಸಹಿ ಶಾ-2 ಬಗೆಯದು. ಅಪ್‌ಡೇಟ್ ಆಗದ ವಿಂಡೋಸ್ 7ಗೆ ಅದನ್ನು ಓದಲು ಬರುವುದಿಲ್ಲ. ಸರ್ವಿಸ್ ಪ್ಯಾಕ್ 1 (ವಿಂಡೋಸ್ 7ರ ದೊಡ್ಡ ಅಪ್‌ಡೇಟ್) ಇದೆಯಾ ನೋಡಿಕೊಂಡು, ಕೆಬಿ4490628 ಅನ್ನುವ ಅಪ್‌ಡೇಟ್ ಹಾಕಿ, ಆಮೇಲೆ ಕೆಬಿ4474419 ಹಾಕಿ. ಎರಡೂ ಅದೇ ಕ್ಯಾಟಲಾಗ್‌ನಲ್ಲಿ ಸಿಗುತ್ತವೆ. ಎಫ್8 ಒತ್ತಿ ಸಹಿ ತಪಾಸಣೆ ಆಫ್ ಮಾಡುವ ಉಪಾಯ ಆ ಒಂದು ಬೂಟ್‌ಗೆ ಮಾತ್ರ.

ಇಷ್ಟೆಲ್ಲ ಹೇಳಿದೆ. ಆದರೂ ನಿಮ್ಮ ಜಾಗದಲ್ಲಿದ್ದರೆ ನಾನು ಇದನ್ನು ಮಾಡುವುದಿಲ್ಲ. ಮೊದಲು ನಿಮ್ಮ ಪ್ರೊಸೆಸರ್ ನೋಡಿ. ಇಂಟೆಲ್ 7ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದಾದರೆ ಇಲ್ಲೇ ನಿಲ್ಲಿಸಿ. ಹೊಸ ಪ್ರೊಸೆಸರ್‌ಗಳಿಗೆ ವಿಂಡೋಸ್ 10 ಮಾತ್ರ ಅಂತ ಮೈಕ್ರೋಸಾಫ್ಟ್ 2016ರಲ್ಲೇ ಹೇಳಿತು. 2017ರಲ್ಲಿ ಅಂಥ ಯಂತ್ರಗಳಲ್ಲಿದ್ದ ವಿಂಡೋಸ್ 7ಗೆ ಅಪ್‌ಡೇಟ್ ಕೂಡ ತಡೆಯಿತು. ಅವುಗಳ ಗ್ರಾಫಿಕ್ಸ್‌ಗೆ ಇಂಟೆಲ್ ವಿಂಡೋಸ್ 7 ಡ್ರೈವರ್ ಕೊಡಲಿಲ್ಲ. ಬರೆಯದೇ ಇರುವ ಡ್ರೈವರನ್ನು ಎಷ್ಟು ಹುಡುಕಿದರೇನು? ಅದೂ ಅಲ್ಲದೆ 2020ರ ಜನವರಿ 14ಕ್ಕೆ ವಿಂಡೋಸ್ 7ಗೆ ಸಾಮಾನ್ಯ ಬಳಕೆದಾರರಿಗಿದ್ದ ಬೆಂಬಲ ಮುಗಿಯಿತು. ಕ್ರೋಮ್ ಬ್ರೌಸರ್ ಅದರ ಮೇಲೆ 109ನೇ ಆವೃತ್ತಿಗೆ ನಿಂತಿದೆ. ದಿನಾ ನೆಟ್ ಬಳಸುವ ಯಂತ್ರದಲ್ಲಿ ಅದನ್ನು ಇಡಬಾರದು.

ಲ್ಯಾಪ್‌ಟಾಪ್‌ಗೆ ಒಪ್ಪುವ ಹೊಸ ವಿಂಡೋಸನ್ನೇ ಮತ್ತೆ ಹಾಕಿ. ರಿಕವರಿ ಪಾರ್ಟಿಷನ್ ಇನ್ನೂ ಇದ್ದರೆ ಅದಕ್ಕೆ ಕೈ ಹಚ್ಚಬೇಡಿ, ಕೆಲಸ ಸುಲಭ ಆಗುತ್ತದೆ. ಆ ಹೊಸ ವಿಂಡೋಸ್‌ನೊಳಗೆ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಹಾಕಿ, ವಿಂಡೋಸ್ 7 ಅದರ ಒಳಗೆ ಇರಲಿ. ಅಲ್ಲಿ ಅದಕ್ಕೆ ಕಾಣುವ ನೆಟ್‌ವರ್ಕ್ ಕಾರ್ಡ್ ಇಂಟೆಲ್‌ನ ಹಳೆಯ ಪ್ರೋ/1000, ಅದರ ಡ್ರೈವರ್ ಹುಡುಕುವ ತಾಪತ್ರಯ ಇಲ್ಲ. ನನ್ನ ಸ್ಕ್ಯಾನರ್ ಕೊನೆಗೆ ಕೆಲಸ ಮಾಡಿದ್ದು ಹೀಗೆ. ಯುಎಸ್‌ಬಿ ಮೆನುವಿನಲ್ಲಿ ಅದನ್ನು ಒಳಗಿನ ವಿಂಡೋಸ್‌ಗೆ ಕೊಟ್ಟೆ, ಹಳೆಯ ಡ್ರೈವರ್ ಹಾಕಿದೆ, ಸ್ಕ್ಯಾನ್ ಬಂತು. ಒಳಗಿನ ವಿಂಡೋಸ್‌ಗೆ ನೆಟ್ ಕೊಡದೆ, ಸ್ಕ್ಯಾನ್ ಆದ ಫೈಲ್‌ಗಳನ್ನು ಶೇರ್ಡ್ ಫೋಲ್ಡರ್ ಮೂಲಕ ಹೊರಗೆ ತೆಗೆದುಕೊಳ್ಳುತ್ತೇನೆ.

ನಿಮಗೆ ವಿಂಡೋಸ್ 7 ಯಾವ ಕೆಲಸಕ್ಕೆ ಬೇಕು ಅಂತ ಬರೆದಿಲ್ಲ. ಹಳೆಯ ಸಾಫ್ಟ್‌ವೇರ್, ಪ್ರಿಂಟರ್, ಸ್ಕ್ಯಾನರ್ ಆದರೆ ಇದು ಸಾಕು. ಗ್ರಾಫಿಕ್ಸ್ ಜಾಸ್ತಿ ಬೇಡುವ ಹಳೆಯ ಆಟಗಳಿಗಾದರೆ ವರ್ಚುವಲ್‌ಬಾಕ್ಸ್ ಏಗುವುದಿಲ್ಲ. ಅದಕ್ಕೆ 2015ಕ್ಕಿಂತ ಮೊದಲಿನ ಒಂದು ಹಳೆಯ ಕಂಪ್ಯೂಟರನ್ನೇ ಬೇರೆಯಾಗಿ ಇಟ್ಟುಕೊಳ್ಳಿ.