ಕ್ವಾರ್ಟರ್‌ಬ್ಯಾಕ್ ಹುಡುಗನಿಗೆ ದಿನಾ ಬೆಂಚ್ ಪ್ರೆಸ್ ಬೇಕಾ?

ನಿಮ್ಮ ಮಗ ಟೆಕ್ಸಾಸ್‌ನ ಹೈಸ್ಕೂಲ್ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಮುಖ್ಯ ಆಟಗಾರ), ಚೆಂಡು ಇನ್ನೂ ದೂರ ಹೋಗಲಿ ಅಂತ ದಿನಾ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಎದೆಯಿಂದ ಭಾರ ಮೇಲಕ್ಕೆ ತಳ್ಳೋದು) ಮಾಡುತ್ತಾನೆ, ಸರಿಯಾ ಅಂತ ಕೇಳಿದ್ದೀರಿ. ನಾನು ಇಲ್ಲೇ ಈ ವಯಸ್ಸಿನ ಹುಡುಗರಿಗೆ ಸ್ಟ್ರೆಂತ್ ಕೋಚ್. ದಯವಿಟ್ಟು ದಿನಾ ಮಾಡೋದನ್ನ ನಿಲ್ಲಿಸಿ.

ಆ ಚೆಂಡಿನ ತೂಕ ಹೆಚ್ಚುಕಡಿಮೆ 400 ಗ್ರಾಂ. ಅದಕ್ಕೆ ಎದೆಯ ದಪ್ಪ ಬೇಕಿಲ್ಲ. ಬಲ ಬರೋದು ನೆಲದಿಂದ. ಹಿಂದಿನ ಕಾಲು ತಳ್ಳುತ್ತದೆ, ಮುಂದಿನ ಕಾಲು ಗಟ್ಟಿಯಾಗಿ ಊರುತ್ತದೆ, ಸೊಂಟ ತಿರುಗುತ್ತದೆ, ಆಮೇಲೆ ಎದೆ, ಕೊನೆಗೆ ತೋಳು. ಚಾಟಿ ಬೀಸಿದ ಹಾಗೆ. ಅದಕ್ಕೇ ನಾನು ಮೊದಲು ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲೋದು), ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸೋದು) ಮಾಡಿಸುತ್ತೇನೆ. ಜೊತೆಗೆ ಗೋಡೆಗೆ ಅಡ್ಡ ನಿಂತು ಹಗುರವಾದ ಮೆಡಿಸಿನ್ ಬಾಲ್ (ವ್ಯಾಯಾಮಕ್ಕೆ ಬಳಸೋ ತೂಕದ ಚೆಂಡು) ಎಸೆಯೋದು. ಆಗ ಅವನ ಕೈ ನೋಡಬೇಡಿ, ಬೆಲ್ಟ್ ನೋಡಿ. ಎದೆಗಿಂತ ಮೊದಲು ಬೆಲ್ಟಿನ ಬಕಲ್ ಗೋಡೆ ಕಡೆ ತಿರುಗಬೇಕು. ಎರಡೂ ಒಟ್ಟಿಗೆ ತಿರುಗಿದರೆ ಅವನು ಬರೀ ತೋಳಿನಲ್ಲಿ ಎಸೆಯುತ್ತಿದ್ದಾನೆ ಎಂದೇ ಲೆಕ್ಕ.

ಇನ್ನು ಭುಜ. ಚೆಂಡು ಕೈ ಬಿಟ್ಟ ಮೇಲೆ ಅಷ್ಟು ವೇಗದ ತೋಳನ್ನು ತಡೆದು ನಿಲ್ಲಿಸಬೇಕಲ್ವಾ? ಭುಜದ ಹಿಂಭಾಗದ ಸಣ್ಣ ಸ್ನಾಯುಗಳ ಮೇಲೆ ಆ ಭಾರ ಬೀಳುತ್ತದೆ. ಬೆಂಚ್ ಅವನ್ನು ಬೆಳೆಸೋದಿಲ್ಲ. ಮೊಣಕೈ ಮತ್ತು ಪಕ್ಕೆಲುಬಿನ ಮಧ್ಯೆ ಸುತ್ತಿದ ಟವೆಲ್ ಇಟ್ಟು, ರಬ್ಬರ್ ಬ್ಯಾಂಡನ್ನು ಹೊರಗೆ ಎಳೆಸಿ. ವಾಪಸ್ ಬರುವಾಗ ನಿಧಾನವಾಗಿ, ಮೂರು ಎಣಿಸುತ್ತಾ. ಟವೆಲ್ ಬೀಳಬಾರದು. ಹುಡುಗರಿಗೆ ಇದು ತುಂಬಾ ಬೋರ್, ಆದರೂ ಬಿಡಬೇಡಿ. ಹೆಸರಾಂತ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ 2005ರ ಸೀಸನ್‌ನ ಕೊನೆಯ ಪಂದ್ಯದಲ್ಲಿ ಎಸೆಯುವ ಭುಜಕ್ಕೇ ದೊಡ್ಡ ಪೆಟ್ಟು ಮಾಡಿಕೊಂಡರು. ಆಪರೇಷನ್ ಆಯಿತು. ಭುಜವನ್ನು ತಾಳ್ಮೆಯಿಂದ ಮತ್ತೆ ಕಟ್ಟಿಕೊಂಡು, 2006ರಲ್ಲಿ 4,418 ಗಜ ಪಾಸ್ ಮಾಡಿ ಇಡೀ ಎನ್‌ಎಫ್‌ಎಲ್‌ಗೇ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಮೊದಲಿಗರಾದರು. ಕ್ವಾರ್ಟರ್‌ಬ್ಯಾಕ್‌ಗಳ ಲೆಕ್ಕದಲ್ಲಿ ಅವರು ಗಿಡ್ಡ, ಎತ್ತರ ಬರೀ 6 ಅಡಿ.

ಬೆಂಚ್ ಪೂರ್ತಿ ಬಿಡಬೇಕು ಅಂತಲ್ಲ. ವಾರಕ್ಕೊಮ್ಮೆ ಡಂಬೆಲ್‌ನಲ್ಲಿ, ಅಂಗೈಗಳು ಒಂದಕ್ಕೊಂದು ಎದುರಾಗಿರುವ ಹಾಗೆ ಹಿಡಿದು ಮಾಡಲಿ. ಒಂದು ಸಲ ತಳ್ಳಿದರೆ ಎರಡು ಸಲ ಎಳೆಯೋ ವ್ಯಾಯಾಮ ಇರಲಿ.

ಮೈಲಿಗಟ್ಟಲೆ ಓಡಿಸಬೇಡಿ. ಆಟದಲ್ಲಿ ಒಂದು ಪ್ಲೇ (ಚೆಂಡು ಆಟಕ್ಕೆ ಬಂದು ಮತ್ತೆ ನಿಲ್ಲುವವರೆಗಿನ ಒಂದು ಸುತ್ತು) ಮುಗಿಯೋದು ಕೆಲವೇ ಸೆಕೆಂಡಿನಲ್ಲಿ. ಚಿಕ್ಕ ಸ್ಪ್ರಿಂಟ್, ಅರ್ಧ ನಿಮಿಷ ಬಿಡುವು, ಮತ್ತೆ ಸ್ಪ್ರಿಂಟ್. ಅಷ್ಟು ಸಾಕು.

ಶುಕ್ರವಾರ ರಾತ್ರಿ ಪಂದ್ಯ ಆಡಿದರೆ ಶನಿವಾರ ತೋಳಿಗೆ ಪೂರ್ತಿ ರಜೆ. ಎಸೆಯುವಾಗ ಭುಜದಲ್ಲೋ ಮೊಣಕೈ ಒಳಭಾಗದಲ್ಲೋ ಚುಚ್ಚಿದ ಹಾಗೆ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ, ಸ್ಪೋರ್ಟ್ಸ್ ಡಾಕ್ಟರ್‌ಗೆ ತೋರಿಸಿ.