ಗೊರಕೆ ನಿಂತಿತು, ಉಸಿರು?

ಗಂಡ ಹೆಂಡತಿ ಬೇರೆ ಬೇರೆ ಮಲಗುತ್ತಿದ್ದಾರೆ, ಮಾತೂ ಕಡಿಮೆಯಾಗಿದೆ ಎಂದು ಮನೆಯ ಹಿರಿಯರು ಹೇಳಿ ಕಳಿಸಿದ ಜೋಡಿ ಇದು. ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರು. ಗಂಡನ ವಯಸ್ಸು 48. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಗಂಡನನ್ನು ಗೌಡರು ಎಂದಷ್ಟೇ ಕರೆಯುತ್ತೇನೆ.

ಚಿಕ್ಕಮಗಳೂರಿನ ನನ್ನ ಆಪ್ತಸಮಾಲೋಚನೆಯ ಕೋಣೆಯಲ್ಲಿ ಕೂತ ಹತ್ತು ನಿಮಿಷಕ್ಕೇ ಗೌಡರು ತೂಕಡಿಸಿದರು. ಹೆಂಡತಿ ಎಬ್ಬಿಸಲಿಲ್ಲ. ಮೆಲ್ಲಗೆ ಹೇಳಿದರು: "ನೋಡಿದ್ರಲ್ಲ ಮೇಡಂ. ನಾನು ಹಾಲ್‌ನಲ್ಲಿ ಮಲಗೋದು ಸಿಟ್ಟಿಗಲ್ಲ. ಇವರ ಗೊರಕೆ ನಿಂತ ತಕ್ಷಣ ನನಗೆ ಎಚ್ಚರ ಆಗುತ್ತೆ. ಮತ್ತೆ ಉಸಿರು ಬರೋವರೆಗೂ ಎಣಿಸ್ತಾ ಇರ್ತೀನಿ."

ನಿದ್ದೆಯ ಪರೀಕ್ಷೆ ವರ್ಷದ ಹಿಂದೆಯೇ ಆಗಿತ್ತು. ಸ್ಲೀಪ್ ಅಪ್ನಿಯ. ಗಂಟೆಗೆ 22 ಸಲ ಉಸಿರು ನಿಲ್ಲುತ್ತಿತ್ತು, ಇಲ್ಲವೇ ತೀರಾ ಕುಗ್ಗುತ್ತಿತ್ತು. 15ರ ಒಳಗಿದ್ದರೆ ಸೌಮ್ಯ, 30 ದಾಟಿದರೆ ತೀವ್ರ. ಇವರದು ನಡುವಿನದು. ಮೂಗಿಗೆ ಮಾಸ್ಕ್ ಹಾಕಿ ಗಾಳಿ ಒತ್ತುವ ಸಿಪ್ಯಾಪ್ ಯಂತ್ರವನ್ನೂ ಕೊಂಡಿದ್ದರು. ಅದೀಗ ಅಟ್ಟದ ಮೇಲೆ. ಯಾಕೆ ಅಂದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರಲ್ಲ ಅಂದರು. ನಿಜವೇ. ಆದರೆ ಬೇಸಿಗೆಯಲ್ಲೂ ಹಾಕಿರಲಿಲ್ಲವಲ್ಲ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಳು ಅದನ್ನ ಸೊಂಡಿಲು ಅಂತಾಳೆ" ಅಂದರು. ತೋಟಕ್ಕೆ ಆನೆ ನುಗ್ಗುವ ಊರು ಅದು. ಮಗು ತಮಾಷೆಗೆ ಅಂದದ್ದು ಅಪ್ಪನಿಗೆ ನಾಟಿತ್ತು.

"ನಮ್ಮ ಭಾವನಿಗೆ ಹಲ್ಲಿಗೆ ಹಾಕೋ ಸೆಟ್ ಕೊಟ್ಟಿದ್ದಾರೆ ಮೇಡಂ. ಗೊರಕೆ ಮಾಯ. ನನಗೂ ಅದೇ ಸಾಕಲ್ವಾ?"

ನಾನು ವೈದ್ಯೆಯಲ್ಲ. ಆದರೆ ವೈದ್ಯರ ಮುಂದೆ ಏನು ಕೇಳಬೇಕು ಎಂದು ತಯಾರು ಮಾಡಿ ಕಳಿಸುವುದು ನನ್ನ ಕೆಲಸದ ಭಾಗ. ಆ ಸೆಟ್ ಎರಡೂ ಹಲ್ಲುಸಾಲಿಗೆ ಕೂತು ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿದಿಡುತ್ತದೆ. ಜೊತೆಗೆ ನಾಲಿಗೆಯೂ ಮುಂದೆ ಬರುತ್ತದೆ, ಗಂಟಲ ದಾರಿ ತೆರೆದಿರುತ್ತದೆ. ಕರೆಂಟ್ ಬೇಡ, ಸದ್ದೂ ಇಲ್ಲ. ಆದರೆ ಎಲ್ಲರಿಗೂ ಒಂದೇ ಫಲ ಕೊಡುವುದಿಲ್ಲ. ಸುಮಾರಾಗಿ ಮೂವರಲ್ಲಿ ಒಬ್ಬರಿಗೆ ಪೂರ್ತಿ ಅನುಕೂಲ, ಇನ್ನೊಬ್ಬರಿಗೆ ಅರ್ಧಂಬರ್ಧ, ಮತ್ತೊಬ್ಬರಿಗೆ ಹೆಚ್ಚೇನೂ ಇಲ್ಲ. ಭಾವನಿಗೆ ಹೊಂದಿದ್ದು ನಿಮಗೆ ಹೊಂದುತ್ತದೆ ಎನ್ನಲು ನಿಮ್ಮದೇ ಗಂಟಲು ನೋಡಬೇಕು ಅಂದೆ.

ಅವರ ರಿಪೋರ್ಟ್‌ನಲ್ಲೇ ಒಂದು ಸುಳಿವಿತ್ತು. ಯಾರೂ ಅದನ್ನು ಅವರಿಗೆ ಬಿಡಿಸಿ ಹೇಳಿರಲಿಲ್ಲ. ಅಂಗಾತ ಮಲಗಿದಾಗ ಗಂಟೆಗೆ 38, ಮಗ್ಗುಲಾದಾಗ 9. ಹೀಗೆ ಅಂಗಾತವಾದಾಗ ಮಾತ್ರ ಜೋರಾಗುವವರಿಗೆ ಈ ಸೆಟ್ ಫಲಿಸುವ ಸಾಧ್ಯತೆ ಜಾಸ್ತಿ. ತೂಕ ಕಡಿಮೆ ಇರುವವರು, ಕುತ್ತಿಗೆ ಸಣ್ಣದಿರುವವರು, ಕಿರಿಯರು, ಹೆಂಗಸರು, ಕೆಳದವಡೆ ಹಿಂದಕ್ಕಿರುವವರು, ಇವರಿಗೂ ಅಷ್ಟೇ. ಗೌಡರಿಗೆ ಬೊಜ್ಜಿಲ್ಲ, ಗದ್ದ ಚಿಕ್ಕಂದಿನಿಂದಲೂ ಹಿಂದಕ್ಕೇ. ಆದರೆ ಇವೆಲ್ಲ ಅಂದಾಜು ಮಾತ್ರ. ಎಲ್ಲ ಲಕ್ಷಣ ಕೂಡಿಬಂದವರಿಗೂ ಫಲಿಸದೇ ಹೋಗುವುದುಂಟು. ಅನುಮಾನವಿದ್ದರೆ ಔಷಧಿಯಿಂದ ನಿದ್ದೆ ಬರಿಸಿ, ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಗಂಟಲು ಎಲ್ಲಿ ಮುಚ್ಚುತ್ತದೆ ಎಂದು ನೋಡುವ ಪರೀಕ್ಷೆಯಿದೆ. ಕಿರುನಾಲಿಗೆಯ ಮಟ್ಟದಲ್ಲಿ ಸುತ್ತಲಿನಿಂದಲೂ ಮುಚ್ಚಿಕೊಂಡರೆ ಸೆಟ್‌ನಿಂದ ಹೆಚ್ಚು ನಿರೀಕ್ಷಿಸುವ ಹಾಗಿಲ್ಲ. ಆ ಪರೀಕ್ಷೆ ಬೇಕೇ ಎಂದು ಕಿವಿ ಮೂಗು ಗಂಟಲು ತಜ್ಞರನ್ನು ಕೇಳಿ ಅಂದೆ.

ಹಲ್ಲು ಹೇಗಿದೆ ಅಂದೆ. ವಸಡಲ್ಲಿ ರಕ್ತ ಬರುತ್ತದೆ, ಎರಡು ದವಡೆಹಲ್ಲು ಅಲ್ಲಾಡುತ್ತವೆ ಅಂದರು. ರಾತ್ರಿಯೆಲ್ಲ ಹಲ್ಲನ್ನೇ ಹಿಡಿದು ಜಗ್ಗುವ ಸಾಧನ ಅದು! ಮೊದಲು ವಸಡು ಸರಿಯಾಗಲಿ, ಅಳತೆ ಕೊಟ್ಟೇ ಮಾಡಿಸಿ, ಬಿಸಿನೀರಲ್ಲಿ ಅದ್ದಿ ಕಚ್ಚುವ ಆನ್‌ಲೈನ್ ಮಾಲು ಬೇಡ ಎಂದು ಹೇಳಿದೆ. ಅಲ್ಲಿಯವರೆಗೆ ಯಂತ್ರ ಅಟ್ಟದಿಂದ ಇಳಿಯಬೇಕು. ಯುಪಿಎಸ್ ಹಾಕಿಸುವುದು ಅವರಿಗೆ ಕಷ್ಟವಿರಲಿಲ್ಲ. ಮಗ್ಗುಲಾಗಿ ಮಲಗಬೇಕು, ಸಂಜೆಯ ಪೆಗ್ ಬಿಡಬೇಕು. ಜೀಪ್ ವಿಷಯದಲ್ಲಿ ಮಾತ್ರ ನಾನು ಖಡಕ್ಕಾಗಿದ್ದೆ. ಚಾರ್ಮಾಡಿ ಘಾಟಿಯ ತಿರುವಲ್ಲಿ ಒಮ್ಮೆ ಕಣ್ಣು ಮುಚ್ಚಿತ್ತಂತೆ. ತೂಕಡಿಕೆ ಹೋಗುವವರೆಗೆ ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ ಅಂದೆ. ಸೊಂಡಿಲಿನ ಕೆಲಸವೇನು ಎಂದು ಮಗಳಿಗೆ ಅವರೇ ಕೂರಿಸಿಕೊಂಡು ಹೇಳಬೇಕು ಅಂತಲೂ ಹೇಳಿದೆ.

ವಸಡಿಗೆ ಎರಡು ತಿಂಗಳು ಹಿಡಿಯಿತು. ಆಮೇಲೆ ಸೆಟ್ ಬಂತು. ಮೊದಮೊದಲು ಜೊಲ್ಲು, ಬೆಳಿಗ್ಗೆ ದವಡೆ ನೋವು. ಗೊರಕೆ ಮಾತ್ರ ನಿಂತೇಹೋಯಿತು. ಹೆಂಡತಿ ಕೋಣೆಗೆ ವಾಪಸಾದರು. ಸೆಟ್ ಹಾಕಿಕೊಂಡು ಮತ್ತೆ ಮಾಡಿಸಬೇಕಿದ್ದ ನಿದ್ದೆಯ ಪರೀಕ್ಷೆಯನ್ನು, ಇನ್ನೇನು ಟೆಸ್ಟು ಎಂದು ಗೌಡರು ಕೈಬಿಟ್ಟರು. ನಾನು ಅಲ್ಲಿ ಹಠ ಹಿಡಿದೆ. ಗೊರಕೆ ಕಿವಿಗೆ ಕೇಳುತ್ತದೆ, ಆಕ್ಸಿಜನ್ ಕುಸಿಯುವುದು ಕೇಳುವುದಿಲ್ಲ. ಗೊಣಗಿಕೊಂಡೇ ಹೋದರು. ಸೆಟ್ ಹಾಕಿಯೂ ಗಂಟೆಗೆ 15! ದಂತವೈದ್ಯರು ದವಡೆಯನ್ನು ಸ್ವಲ್ಪ ಸ್ವಲ್ಪವೇ ಇನ್ನಷ್ಟು ಮುಂದೆ ತಂದರು. ಮುಂದಿನ ಪರೀಕ್ಷೆಯಲ್ಲಿ 6.

ಮೊನ್ನೆ ಹೆಂಡತಿ ಫೋನ್ ಮಾಡಿದ್ದರು. ಇವರು ಚೆನ್ನಾಗಿ ನಿದ್ದೆ ಮಾಡ್ತಾರೆ ಮೇಡಂ, ನನಗೇ ಬರ್ತಿಲ್ಲ, ಸದ್ದಿಲ್ಲ ಅಂದ್ರೆ ಭಯ ಆಗುತ್ತೆ, ಎದ್ದು ಮೂಗಿನ ಹತ್ತಿರ ಕೈಯಿಟ್ಟು ನೋಡ್ತೀನಿ ಅಂದರು. ಮುಂದಿನ ಮಂಗಳವಾರ ಅವರೊಬ್ಬರೇ ಬರುತ್ತಿದ್ದಾರೆ.