ಮಧ್ಯಾಹ್ನದ ಡಿಓ ನೋಡಿ ನೆಮ್ಮದಿಯಾಗಿ ಮಲಗ್ಬೇಡಿ

ಅಣ್ಣ, ನೀವು ಹಾಕಿರೋ ಮೀಟರ್ ಫೋಟೋ ನೋಡಿ ಸುಮ್ನಿರೋಕಾಗ್ಲಿಲ್ಲ. ಮಧ್ಯಾಹ್ನ 3 ಗಂಟೆಗೆ ಡಿಓ (ಹೊಂಡದ ನೀರಲ್ಲಿ ಕರಗಿರೋ ಆಕ್ಸಿಜನ್, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) 11 ಬಂದಿದೆ, ನೀರು ಸೂಪರ್, ಆದ್ರೂ ದಿನಾ ಬೆಳಗ್ಗೆ ಎರಡು ಮೂರು ದೊಡ್ಡ ಕಾಟ್ಲಾ ಮೀನು ಸತ್ತು ತೇಲ್ತಿವೆ, ಯಾವ ಔಷಧಿ ಹಾಕ್ಲಿ ಅಂತ ಕೇಳಿದೀರ. ಔಷಧಿ ಕೊಳ್ಳೋಕೆ ಮುಂಚೆ ಬೆಳಗಿನ ಜಾವ ಒಂದ್ಸಲ ಅಳೀರಿ.

ನಾನೂ ಇದೇ ತಪ್ಪು ಮಾಡಿದ್ದೆ. ನಮ್ದು ಬೇಲೂರು ಕಡೆ, ತೋಟದ ಕೆಳಗಿನ ಹೊಂಡ. ಆಗಸ್ಟಲ್ಲಿ ಒಂದಿನ ಬಿಸಿಲು ಬಿದ್ದಿತ್ತು, ಸಂಜೆ 4ಕ್ಕೆ ನೋಡಿದ್ರೆ 9 ಚಿಲ್ರೆ, ಆ ಧೈರ್ಯದ ಮೇಲೆ ಸಗಣಿ ಬಗ್ಗಡ ಬಿಟ್ಟೆ, ಮಾರನೇ ದಿನದಿಂದ ಮೋಡ ಹಿಡ್ಕೊಂಡು ಸೂರ್ಯನ ಮುಖಾನೇ ಇಲ್ಲ, ನಾನು ಹಿಂಡಿ ತೌಡು ಮಾತ್ರ ಎಂದಿನ ಹಾಗೇ ಹಾಕ್ತಿದ್ದೆ. ನಾಲ್ಕನೇ ದಿನ ಬೆಳಗ್ಗೆ ಐದೂವರೆಗೆ ಟಾರ್ಚ್ ಬಿಟ್ರೆ ನೀರಿನ ಮೇಲೆಲ್ಲಾ ಬರೀ ಬಾಯಿ, ಪಚ್ ಪಚ್ ಅಂತ ಸದ್ದು. ಎಂಟು ಗಂಟೆ ಹೊತ್ತಿಗೆ ಒಂದೂವರೆ ಕೆಜಿ ದಾಟಿದ್ ಕಾಟ್ಲಾ ಎಲ್ಲಾ ಹೊಟ್ಟೆ ಮೇಲ್ಮಾಡಿದ್ವು. ಸಣ್ಣವು, ಗೆಂಡೆ ಮೀನು ಉಳ್ಕೊಂಡ್ವು. ದೊಡ್ಡವೇ ಮೊದಲು ಹೋಗ್ತಿವೆ ಅಂದ್ರೆ ಮೊದಲ ಅನುಮಾನ ಆಕ್ಸಿಜನ್ ಮೇಲೇ ಇರ್ಲಿ.

ನಾವಿರೋದು 3000 ಅಡಿ ಎತ್ತರದಲ್ಲಿ. ಇಲ್ಲಿ 25 ಡಿಗ್ರಿ ನೀರು ಗಾಳಿಯಿಂದ ಹಿಡ್ಕೊಳ್ಳೋದೇ ಲೀಟರಿಗೆ 7.3 ಮಿಲಿಗ್ರಾಂ ಆಸುಪಾಸು, ಸಮುದ್ರದ ಮಟ್ಟದಲ್ಲಾದ್ರೆ 8.2. ನಿಮ್ಮ 11ರಲ್ಲಿ ಮಿಕ್ಕಿದ್ದು ಹಸಿರು ಪಾಚಿ ಬಿಸಿಲಲ್ಲಿ ಮಾಡಿದ್ದು, ರಾತ್ರಿ ಅದೇ ಪಾಚಿ ಉಸಿರಾಡಿ ವಾಪಸ್ ಎಳ್ಕೊಳುತ್ತೆ. ಮಧ್ಯಾಹ್ನ ಅಷ್ಟು ಏರಿದೆ ಅಂದ್ರೆ ಬೆಳಗಿನ ಜಾವ ಪಾತಾಳಕ್ಕೆ ಇಳಿಯುತ್ತೆ ಅಂತಾನೇ ಲೆಕ್ಕ. ಬೆಳಗ್ಗೆ 5ಕ್ಕೆ 4ರ ಮೇಲಿದ್ರೆ ಸರಿ, 3ರ ಕೆಳಗಿದ್ರೆ ಅವತ್ತು ಒಂದು ಹಿಡಿ ತೌಡೂ ಬೇಡ.

ಮೀಟರಲ್ಲಿ ಎತ್ತರ ಸೆಟ್ ಮಾಡಿದೀರಾ? ಇಲ್ದಿದ್ರೆ ನೂರಕ್ಕೆ ಹತ್ತರಷ್ಟು ಜಾಸ್ತಿ ತೋರ್ಸುತ್ತೆ. ಮೆಂಬ್ರೇನ್ ಪ್ರೋಬ್ (ತುದೀಲಿ ತೆಳು ಪೊರೆ ಇರೋ ಅಳತೆ ಕಡ್ಡಿ) ಆದ್ರೆ ನೀರಲ್ಲಿ ಮೆಲ್ಲಗೆ ಆಡಿಸ್ತಾನೇ ಇರ್ಬೇಕು, ಸುಮ್ನೆ ಇಳಿಬಿಟ್ರೆ ರೀಡಿಂಗ್ ಇಳೀತಾ ಹೋಗುತ್ತೆ. ವೈಎಸ್‌ಐ ಕಂಪನಿಯ ಆಪ್ಟಿಕಲ್ (ಬೆಳಕಿಂದ ಅಳೆಯೋ) ಮೀಟರ್ ಆದ್ರೆ ಆ ರಗಳೆ ಇಲ್ಲ, ಆದ್ರೆ ರೇಟು ನಮ್ಮಂಥೋರಿಗಲ್ಲ. ನಾನು ಆನ್‌ಲೈನಲ್ಲಿ ತರಿಸಿದ್ ಅಗ್ಗದ್ದು ಆರು ತಿಂಗಳಿಗೇ ಬಾಯಿಗೆ ಬಂದಿದ್ ನಂಬರ್ ತೋರ್ಸೋಕೆ ಶುರು ಮಾಡ್ತು, ಅವತ್ತಿಂದ ನನ್ ನಂಬಿಕೆ ವಿಂಕ್ಲರ್ ಬಾಟ್ಲಿ ಮೇಲೆ, ಅಂದ್ರೆ ನೀರಿಗೆ ದ್ರಾವಣ ಹಾಕಿ ಆಕ್ಸಿಜನ್ ಅಳೆಯೋ ವಿಧಾನ. ಹಾನಾ ಕಂಪನಿಯ ಕಿಟ್ಟೂ ಅದೇ ವಿಧಾನ, ಸಾಕು. ಬಾಟ್ಲೀನ ಎರಡಡಿ ಆಳದಲ್ಲಿ ತುಂಬ್ಸಿ ನೀರೊಳಗೇ ಮುಚ್ಚಳ ಹಾಕಿ, ಸಾಸಿವೆಯಷ್ಟು ಗಾಳಿಗುಳ್ಳೆ ಉಳಿದ್ರೂ ಚೆಲ್ಲಿ ಮತ್ತೆ ತುಂಬಿ. ಮೊದಲೆರಡು ದ್ರಾವಣ ದಡದಲ್ಲೇ ಹಾಕಿ, ಮನೇಗೆ ಹೊತ್ಕೊಂಡು ಹೋಗಿ ಅಲ್ಲ. ಕಾಫಿ ಪುಡಿ ಬಣ್ಣದ ಗಷ್ಟು ಕೂತ್ರೆ ಆಕ್ಸಿಜನ್ ಇದೆ, ಗಂಜಿ ಹಾಗೆ ಬೆಳ್ಳಗೇ ಉಳಿದ್ರೆ ಲೆಕ್ಕ ಆಮೇಲೆ, ಮೊದಲು ಮೋಟ್ರು ಹಾಕಿ. ಆಮೇಲೆ ಹಾಕೋದು ಗಂಧಕಾಮ್ಲ, ಗ್ಲೌಸ್ ಇಲ್ದೆ ಮುಟ್ಬೇಡಿ, ಮಕ್ಕಳ ಕೈಲಿ ಮಾಡಿಸ್ಲೇಬೇಡಿ.

ಮೀನು ಬಾಯಿ ಬಿಡ್ತಿದ್ರೆ ಪಂಪಿನ ನೀರನ್ನ ಎತ್ತರದಿಂದ ಹನಿಹನಿಯಾಗಿ ಬೀಳೋ ಹಾಗೆ ಚಿಮ್ಮಿಸಿ. ಬೋರ್ ನೀರನ್ನ ನೇರ ಪೈಪಲ್ಲಿ ಬಿಡ್ಬೇಡಿ, ಅದ್ರಲ್ಲೇ ಆಕ್ಸಿಜನ್ ಇರಲ್ಲ. ನೀರಿಗೆ ಗಾಳಿ ಬೆರೆಸೋ ಏರಿಯೇಟರ್ ರಾತ್ರಿ ಹನ್ನೆರಡರಿಂದ ಬಿಸಿಲು ಬರೋ ತನಕ ಓಡ್ಲಿ, ಮಧ್ಯಾಹ್ನ 11 ಇರುವಾಗ ಓಡ್ಸಿದ್ರೆ ಇರೋದೂ ಹಾರಿಹೋಗುತ್ತೆ. ಮೊಣಕೈವರೆಗೆ ಕೈ ಮುಳುಗ್ಸಿ ನೋಡಿ, ಅರ್ಧಕ್ಕೇ ಅಂಗೈ ಮರೆಯಾದ್ರೆ ಪಾಚಿ ಅತಿಯಾಗಿದೆ, ಗೊಬ್ಬರ ನಿಲ್ಸಿ.

ಇನ್ನೊಂದು, ನಿಮ್ಮ ಮೇಲ್ಗಡೆ ಕಾಫಿ ತೋಟ ಇದ್ರೆ ಡಿಸೆಂಬರಿಂದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ) ನೀರಿನ ಮೇಲೆ ಒಂದು ಕಣ್ಣಿಡಿ. ಆ ಸಿಹಿ ಲೋಳೆ ಕೊಳೆಯುವಾಗ ಹೊಂಡದ ಆಕ್ಸಿಜನ್ನೆಲ್ಲ ತಿಂದುಬಿಡುತ್ತೆ. ತೋಡಿಗೆ ಈಗ್ಲೇ ಅಡ್ಡ ಬದು ಹಾಕಿಸ್ಕೊಳ್ಳಿ.

ನಾಳೆ 5 ಗಂಟೆ ರೀಡಿಂಗ್ ಇಲ್ಲೇ ಹಾಕಿ, ಜೊತೆಗೆ ಹೊಂಡದ ಅಳತೆ, ಎಷ್ಟು ಮರಿ ಬಿಟ್ಟಿದೀರ ಅನ್ನೋದೂ ಬರೀರಿ.